ಸೊಗಡಿನ ದಿನಗಳ ಕೂಲಿ



ಮಾಗಡಿ ಸೀಮೆಯ ಸೋಲೂರಿನ ಸುತ್ತ ರಾಗಿ ಕೊಯ್ಲು ಮುಗಿಯುತ್ತಿದ್ದಂತೆ ಕೂಲಿಯವರ ಮನೆಗಳಲ್ಲಿ ಚಿಂತೆ ಶುರುವಾಗುತ್ತದೆ. ಕೈಯಲ್ಲಿದ್ದ ದುಡ್ಡು ಕರಗುತ್ತಿದೆ. ಮುಂದೆ ಯಾವ ಕೆಲಸ?

ಉತ್ತರ ಎಷ್ಟೋ ಸಲ ಅದೇ ಹೊಲದಲ್ಲಿರುತ್ತದೆ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಬಿತ್ತಿದ ಅವರೆ, ರಾಗಿ ಕೊಯ್ದ ಮೇಲೆ ಮೈತುಂಬ ಕಾಯಿ ಬಿಡುತ್ತದೆ. ಡಿಸೆಂಬರ್, ಜನವರಿಯ ಚಳಿ. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚು ಅನ್ನುತ್ತಾರೆ ಹಿರಿಯರು. ಬೆಳಕು ಹರಿಯುವಾಗಲೇ ಮಡಿಲು ಕಟ್ಟಿ ಸಾಲಿಗಿಳಿದ ಹೆಂಗಸರ ಬೆರಳಿಗೆ ಆ ಸೊಗಡು ಅಂಟುತ್ತದೆ, ತೊಳೆದರೂ ಬೇಗ ಬಿಡದು. ಸೊಂಟ ನೋಯುತ್ತದೆ, ನಿಜ. ಆದರೂ ಸಾಲಿನುದ್ದಕ್ಕೂ ಮಾತು, ನಗು.

ದುಡ್ಡಿಲ್ಲದವರು ಸಿಕ್ಕ ಕೆಲಸ ಮಾಡಬೇಕು, ಇಷ್ಟ ಕಷ್ಟ ನೋಡಬಾರದು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ದಿನವಿಡೀ ಬಿಸಿಲು, ಗಾಳಿ, ಜೊತೆಗಾರರ ನಡುವೆ ಇರಬೇಕು ಅನ್ನುವ ಆಸೆ ಬಡವರಿಗೂ ಇದೆ. ಅದು ದೊಡ್ಡ ಆಸೆಯೇನಲ್ಲ.

ಅವರೆಯ ಹಿಂದೆಯೇ ಹುಣಸೆ. ಮರ ಬಡಿಯುವವರು ಕೆಲವರು, ನೆರಳಲ್ಲಿ ಕೂತು ಓಡು ಬಿಡಿಸಿ ಬೀಜ ತೆಗೆಯುವವರು ಹಲವರು. ಏಪ್ರಿಲ್ ಹೊತ್ತಿಗೆ ಮಾವು. ನಡುವಿನ ಖಾಲಿ ವಾರಗಳೇ ಕಷ್ಟ. 2005ರ ಉದ್ಯೋಗ ಖಾತರಿ ಕಾಯ್ದೆ ನೋಡಿದ್ದು ಇಂಥ ವಾರಗಳನ್ನೇ. ಹಳ್ಳಿಯ ಕುಟುಂಬಕ್ಕೆ ವರ್ಷಕ್ಕೆ 100 ದಿನ, ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಎಂದಿತು ಅದು. ಕೆಲಸ ಕೇಳುವುದು ಆಗ ಹಕ್ಕಾಯಿತು.

ಆದರೆ ಸುಗ್ಗಿಯ ಕೆಲಸದ ಸುದ್ದಿ ಇಂದಿಗೂ ಬಾಯಿಂದ ಬಾಯಿಗೇ ಹೋಗುತ್ತದೆ. ಪಕ್ಕದ ಸಾಲಿನವರನ್ನು ಕೇಳಿದರೆ ಸಾಕು: "ಅಕ್ಕಾ, ನಾಳೆ ಯಾರ ಹೊಲಕ್ಕೆ? ನಾನೂ ಬರ್ಲಾ?"