‘ನಾನು ನಿಲ್ತೀನಾ?’ ಅಂತ ಪ್ರೋಗ್ರಾಂ ಕೇಳಿದಾಗ

ಫೋನ್‌ನಲ್ಲಿ ಯಾವುದೋ ಆ್ಯಪ್ ತೆರೀತೀರಿ. ಚಕ್ರ ಸುತ್ತುತ್ತಲೇ ಇರುತ್ತೆ. ಇನ್ನೊಂದು ಸೆಕೆಂಡ್ ಕಾದ್ರೆ ನಿಲ್ಲುತ್ತಾ, ಇಲ್ಲ ರಾತ್ರಿಯಿಡೀ ಹೀಗೇನಾ? ಯಾವ ಪ್ರೋಗ್ರಾಂ ಕೊಟ್ಟರೂ ‘ಇದು ನಿಲ್ಲುತ್ತೆ’, ‘ಇದು ನಿಲ್ಲಲ್ಲ’ ಅಂತ ತಪ್ಪಿಲ್ಲದೆ ಹೇಳುವ ಒಂದು ಆ್ಯಪ್ ಇದ್ದಿದ್ರೆ?

ಅಲನ್ ಟ್ಯೂರಿಂಗ್ ಅವರ 1936ರ ಪ್ರಬಂಧದಿಂದ ಸಿಗುವ ಉತ್ತರ: ಅಂಥದ್ದು ಸಾಧ್ಯವೇ ಇಲ್ಲ. ಆಗಿನ್ನೂ ಇವತ್ತಿನಂಥ ಕಂಪ್ಯೂಟರೇ ಇರಲಿಲ್ಲ!

ಹೇಗೆ? ಆ ಆ್ಯಪ್ ಇದೆ ಅಂತಲೇ ಇಟ್ಕೊಳ್ಳಿ. ನಾನೊಂದು ತಲೆಹರಟೆ ಪ್ರೋಗ್ರಾಂ ಬರೀತೀನಿ. ಅದು ಮೊದಲು ಆ್ಯಪ್ ಹತ್ರ ಕೇಳುತ್ತೆ: ‘ನಾನು ನಿಲ್ತೀನಾ?’ ‘ನಿಲ್ತೀಯ’ ಅಂದ್ರೆ, ಬೇಕಂತಲೇ ಸುತ್ತುತ್ತಾ ಕೂರುತ್ತೆ. ‘ನಿಲ್ಲಲ್ಲ’ ಅಂದ್ರೆ, ತಕ್ಷಣ ನಿಲ್ಲುತ್ತೆ. ಆ್ಯಪ್ ಏನು ಹೇಳಿದ್ರೂ ತಪ್ಪು. ಫೋನ್ ಎಷ್ಟೇ ಫಾಸ್ಟ್ ಇರಲಿ, ಇದು ಸರಿಹೋಗಲ್ಲ.

‘ಮಿತಿ ಇರೋದು ಯಂತ್ರಕ್ಕೆ, ನಮಗಲ್ಲ’ ಅನ್ನಿಸುತ್ತೆ ಅಲ್ವಾ? ಆಕ್ಸ್‌ಫರ್ಡ್‌ನ ತತ್ವಶಾಸ್ತ್ರಜ್ಞ ಜೆ.ಆರ್. ಲೂಕಸ್ 1961ರಲ್ಲಿ ಹೆಚ್ಚುಕಡಿಮೆ ಇದನ್ನೇ ವಾದಿಸಿದರು. ಅವರಿಗೆ ಆಧಾರ, ಕರ್ಟ್ ಗೋಡೆಲ್ 1931ರಲ್ಲಿ ಪ್ರಕಟಿಸಿದ ಪ್ರಮೇಯ. ಗಣಿತದ ನಿಯಮಗಳ ಒಳಗೇ ‘ಈ ನಿಯಮಗಳಿಂದ ನನ್ನನ್ನು ಸಾಧಿಸೋಕಾಗಲ್ಲ’ ಎನ್ನುವಂಥ ಹೇಳಿಕೆಯನ್ನು ಗೋಡೆಲ್ ಕಟ್ಟಿದ್ದರು. ನಿಯಮಗಳು ಒಂದಕ್ಕೊಂದು ವಿರುದ್ಧವಾಗಿಲ್ಲದಿದ್ದರೆ ಆ ಹೇಳಿಕೆ ನಿಜ, ಆದರೆ ಅವುಗಳಿಂದ ಅದನ್ನು ಸಾಧಿಸೋಕೆ ಆಗಲ್ಲ. ನಿಯಮದಂತೆ ನಡೆಯುವ ಯಂತ್ರ ಅಲ್ಲೇ ಸಿಕ್ಕಿಬೀಳುತ್ತೆ. ಮನುಷ್ಯ ಹೊರಗೆ ನಿಂತು ‘ಇದು ನಿಜ’ ಅಂತಾನೆ. ಹಾಗಾಗಿ ಮನಸ್ಸು ಯಂತ್ರವಲ್ಲ. ಇದು ಲೂಕಸ್ ವಾದ.

ಮರುವರ್ಷವೇ ಸಿ.ಎಚ್. ವೈಟ್ಲಿ ಒಂದೇ ವಾಕ್ಯದಲ್ಲಿ ತಿರುಗೇಟು ಕೊಟ್ಟರು. ಅದರ ಸಾರ: ತಮ್ಮ ಮಾತಿಗೆ ತಾವೇ ವಿರುದ್ಧವಾಗದೆ ಲೂಕಸ್ ಈ ವಾಕ್ಯವನ್ನು ಹೇಳಲಾರರು. ಲೂಕಸ್ ಹೇಳಿದರೆ, ತಮ್ಮ ಮಾತನ್ನು ತಾವೇ ಸುಳ್ಳು ಮಾಡ್ಕೊಂಡ ಹಾಗೆ. ಹೇಳದಿದ್ದರೆ, ನಮಗೆಲ್ಲ ಕಾಣುವ ನಿಜ ಅವರೊಬ್ಬರ ಬಾಯಲ್ಲಿ ಬರಲ್ಲ. ಲೂಕಸ್ ಹೆಸರು ತೆಗೆದು ನಿಮ್ಮ ಹೆಸರು ಹಾಕಿ ನೋಡಿ!

ಮನಸ್ಸು ಯಂತ್ರವೋ ಅಲ್ಲವೋ ಅನ್ನೋದು ಇಷ್ಟರಿಂದ ತೀರ್ಮಾನವಾಗಲ್ಲ. ಆದ್ರೆ ‘ಎಐಗೆ ಎಲ್ಲ ಗೊತ್ತು’ ಅನ್ನೋರೂ, ‘ನಮ್ಮ ತಲೆ ಮುಂದೆ ಅದೇನು ಮಹಾ’ ಅನ್ನೋರೂ ಸ್ವಲ್ಪ ನಿಧಾನಿಸಬೇಕು. ನಮ್ಮ ಬೆನ್ನು ನಮಗೆ ಕಾಣಲ್ಲ. ಲೂಕಸ್‌ಗೆ ಹೇಳೋಕಾಗದ ವಾಕ್ಯವನ್ನು ಪಕ್ಕದವರು ಆರಾಮಾಗಿ ಹೇಳಬಹುದು. ಹಾಗಾಗಿ ಎಐ ಕೊಟ್ಟ ಉತ್ತರ ಸರಿಯಾ ಅಂತ ಅದನ್ನೇ ಕೇಳಿ ಸುಮ್ಮನಾಗಬೇಡಿ. ನಿಮ್ಮ ಉತ್ತರವನ್ನೂ ಇನ್ನೊಬ್ಬರಿಗೆ ತೋರಿಸಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.