ಫ್ರಾಕು ಹಳೆಯದಾಗಲಿ, ಲೇಸ್ ಉಳಿಯಲಿ

ಮನೆಯಲ್ಲೇ ಹೊಲಿದ ಫ್ರಾಕು, ಲಂಗ, ರವಿಕೆಗಳ ಅಂಚಿಗೆ ಕ್ರೋಶಾ ಲೇಸ್ ಹಚ್ತೀವಲ್ಲ, ಇವತ್ತು ಆ ಕೆಲಸದ ಬಗ್ಗೆ ಮಾತಾಡೋಣ. ನೋಡೋಕೆ ಚಿಕ್ಕ ಕೆಲಸ. ಆದ್ರೆ ಕೆಡಿಸೋದು ತುಂಬಾ ಸುಲಭ. ನಾನೇ ಕೆಡಿಸಿದ್ದೀನಿ, ಅದರಿಂದಲೇ ಶುರು ಮಾಡ್ತೀನಿ.

ನಮ್ಮ ಅಕ್ಕನ ಮಗಳ ನಾಮಕರಣ. ಅಮ್ಮ ಇಡೀ ಮಳೆಗಾಲ ಕೂತು ಒಂದೂವರೆ ಮೀಟರ್ ಲೇಸ್ ಹೆಣೆದಿದ್ರು. ಫ್ರಾಕು ಹೊಲಿಯೋದು ನನ್ನ ಪಾಲಿಗೆ ಬಂತು. ನಾನಾಗ ಹೊಸದಾಗಿ ಮಿಷನ್ ಕಲಿತಿದ್ದೆ, ಹುಮ್ಮಸ್ಸು ಜಾಸ್ತಿ. ಗಟ್ಟಿಯಾಗಿ ಇರಲಿ ಅಂತ ಸಣ್ಣ ಸಣ್ಣ ಹೊಲಿಗೆ ಹಾಕಿ ಹತ್ತೇ ನಿಮಿಷದಲ್ಲಿ ಮುಗಿಸಿಬಿಟ್ಟೆ. ಸಮಾರಂಭದ ದಿನ ಎಲ್ಲರೂ ಹೊಗಳಿದ್ರು. ಮೊದಲ ಸಲ ಒಗೆದಾಗ ಲೇಸ್ ಕುಗ್ಗಿತು, ಬಟ್ಟೆ ಅಷ್ಟು ಕುಗ್ಗಲಿಲ್ಲ. ಫ್ರಾಕಿನ ಅಂಚು ಚೀಲದ ಬಾಯಿ ಕಟ್ಟಿದ ಹಾಗೆ ಒಳಗೆ ಸೇರಿಕೊಂಡಿತು. ಬಿಚ್ಚೋಣ ಅಂತ ಬ್ಲೇಡ್ ಹಿಡಿದೆ. ಹೊಲಿಗೆಯ ಜೊತೆ ಲೇಸ್ ಕೂಡ ಎರಡು ಕಡೆ ಕತ್ತರಿಸಿಹೋಯ್ತು. ಅಮ್ಮ ಬೈಯಲಿಲ್ಲ. "ಬಟ್ಟೆ ಇನ್ನೊಂದು ತರಬಹುದು ಕಣೇ, ಇದನ್ನ ಬಿಚ್ಚೋ ಹಾಗೆ ಹೊಲೀಬೇಕಿತ್ತು" ಅಂದ್ರು, ಅಷ್ಟೇ.

ಆ ಮಾತು ನನಗೆ ಅರ್ಥವಾಗೋಕೆ ವರ್ಷಗಳೇ ಬೇಕಾದವು. ಮಗುವಿನ ಫ್ರಾಕಿಗೆ ಒಂದು ವರ್ಷದ ಆಯಸ್ಸು. ಒಳ್ಳೆ ಹತ್ತಿ ನೂಲಿನ ಲೇಸ್ ಮೂರು ತಲೆಮಾರು ಬಾಳುತ್ತೆ. ಹಾಗಾಗಿ ಹಚ್ಚುವಾಗಲೇ, ಮುಂದೊಂದು ದಿನ ಇದನ್ನು ಬಿಚ್ಚಬೇಕು ಅನ್ನೋದು ತಲೆಯಲ್ಲಿರಬೇಕು.

ಹೇಗೆ ಹಚ್ಚೋದು? ಮೊದಲು ಬಟ್ಟೆ, ಲೇಸ್ ಎರಡನ್ನೂ ಬೇರೆಬೇರೆಯಾಗಿ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ. ಹಿಂಡಬೇಡಿ, ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರಡಿ ಒಣಗಿಸಿ. ಕುಗ್ಗೋದೆಲ್ಲ ಈಗಲೇ ಕುಗ್ಗಲಿ. ಆಮೇಲೆ ಲೇಸನ್ನು ಬೋರಲು ಹಾಕಿ, ಮೇಲೊಂದು ತೆಳು ಬಟ್ಟೆ ಹಾಸಿ ಇಸ್ತ್ರಿ ಮಾಡಿ.

ಅಳತೆ ತಗೊಳ್ಳುವಾಗ ಲೇಸನ್ನು ಎಳೆದು ಹಿಡೀಬೇಡಿ. ಅಂಚಿನ ಸುತ್ತಳತೆಗಿಂತ ಎರಡು ಇಂಚು ಜಾಸ್ತಿ ಇರಲಿ. ಸೈಡ್ ಹೊಲಿಗೆ ಇರೋ ಕಡೆಯಿಂದ ಶುರು ಮಾಡಿದ್ರೆ ಜೋಡಣೆ ಎದ್ದು ಕಾಣಲ್ಲ. ಕೊನೆಯಲ್ಲಿ ಹೂವಿನ ಮೇಲೆ ಹೂವು ಕೂರೋ ಹಾಗೆ ಒಂದರ ಮೇಲೊಂದು ಇಟ್ಟು ಹೊಲಿದುಬಿಡಿ. ಕಾಲರಿನ ತುದಿ ಬಂದಾಗ ಸ್ವಲ್ಪ ಲೇಸ್ ಹೆಚ್ಚಾಗಿ ಬಿಟ್ಟು ಸಣ್ಣ ನೆರಿಗೆ ಕೊಡಿ. ಇಲ್ಲದಿದ್ರೆ ಆ ಮೂಲೆ ಮೇಲಕ್ಕೆ ಮುದುಡಿಕೊಳ್ಳುತ್ತೆ.

ಇನ್ನು ಹೊಲಿಗೆ. ಬಟ್ಟೆಯ ಅಂಚನ್ನು ಮೊದಲೇ ಮಡಚಿ ಹೆಮ್ಮಿಂಗ್ ಮಾಡಿರಿ. ಬಟ್ಟೆಯ ಮೇಲ್ಮೈಗೆ ಲೇಸಿನ ಮೇಲ್ಮೈ ತಾಗೋ ಹಾಗೆ ಎರಡರ ಅಂಚನ್ನೂ ಸಮ ಹಿಡಿದು ಗುಂಡುಸೂಜಿ ಚುಚ್ಚಿ. ಸಣ್ಣ ಸೂಜಿ ತಗೊಂಡು, ಲೇಸಿನ ಮೇಲಿನ ಸಾಲನ್ನೂ ಬಟ್ಟೆಯ ಎರಡು ಮೂರು ಎಳೆಯನ್ನೂ ಸೇರಿಸಿ ಸುತ್ತಿಸುತ್ತಿ ಹೊಲೀರಿ. ದಾರ ಬಿಗಿ ಎಳೀಬೇಡಿ. ಮುಗಿದ ಮೇಲೆ ಬಿಡಿಸಿ ಬೆರಳಲ್ಲಿ ಒತ್ತಿದ್ರೆ ಲೇಸ್ ಚಪ್ಪಟೆಯಾಗಿ ಕೂರುತ್ತೆ.

ದಾರ ಯಾವುದು ಅಂತ ಬಹಳ ಜನ ಕೇಳ್ತಾರೆ. ತೆಳುವಾದ ಹತ್ತಿ ದಾರವೇ ಸಾಕು. ಲೇಸಿಗಿಂತ ಗಟ್ಟಿ ದಾರ ಬೇಡ. ಮಗು ಎಲ್ಲೋ ಸಿಕ್ಕಿಸಿಕೊಂಡು ಎಳೆದಾಗ ಕಿತ್ತುಹೋಗಬೇಕಾದ್ದು ದಾರ, ಲೇಸ್ ಅಲ್ಲ.

ಟೈಮ್ ಇಲ್ಲ, ಮಿಷನ್ನೇ ಗತಿ ಅನ್ನೋರು ಕೆಳಗೆ ತೆಳು ಕಾಗದ ಇಟ್ಟು, ದೊಡ್ಡ ಹೊಲಿಗೆಯಲ್ಲಿ ನಿಧಾನವಾಗಿ ಹೊಲೀರಿ. ಆಮೇಲೆ ಕಾಗದ ಹರಿದು ತೆಗೀರಿ.

ಇಷ್ಟೊಂದು ನಾಜೂಕು ಯಾಕೆ, ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತಲ್ಲ ಅಂತ ಅನ್ನಿಸಬಹುದು. ಹಾಗೆ ಸಿಗೋ ಕೈಹೆಣಿಗೆಯ ಲೇಸಿನ ಹಿಂದೆಯೂ ಯಾರದೋ ಅಮ್ಮ ಇದ್ದಾರೆ. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದ ಕಡೆ ಹೆಂಗಸರು ತಲೆಮಾರುಗಳಿಂದ ಮನೆಯಲ್ಲೇ ಕೂತು ಲೇಸ್ ಹೆಣೀತಾರೆ. ಅವರ ಬಗ್ಗೆ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ 1982ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಆ ಲೇಸ್ ಹೊರದೇಶಗಳಿಗೆ ಹೋಗ್ತಿತ್ತು. ದಿನಕ್ಕೆ ಹಲವು ಗಂಟೆ ದುಡಿದರೂ ಹೆಣೆದವರನ್ನ ಮಾತ್ರ 'ಮನೆಯಲ್ಲಿರೋ ಹೆಂಗಸರು' ಅಂತಲೇ ಲೆಕ್ಕ ಹಾಕ್ತಿದ್ರು. ನಾವು ಹತ್ತು ನಿಮಿಷದಲ್ಲಿ ಹಾಳು ಮಾಡೋದು ಇಂಥವರ ಎಷ್ಟೋ ದಿನಗಳನ್ನ.

ನಾನು ಕತ್ತರಿಸಿದ ಆ ಲೇಸ್ ಏನಾಯ್ತು ಅಂತೀರಾ? ಅಮ್ಮ ಹರಿದ ಎರಡೂ ಕಡೆ ಕ್ರೋಶಾ ಕಡ್ಡಿಯಿಂದ ಮತ್ತೆ ಎತ್ತಿ ಹೆಣೆದು, ಪೆಟ್ಟಿಗೆಯಲ್ಲಿಟ್ರು. ಹೋದ ವರ್ಷ ಅದೇ ಅಕ್ಕನ ಮಗಳಿಗೆ ಹೆಣ್ಣು ಮಗು ಆಯ್ತು. ಈ ಸಲ ಲೇಸ್ ನೆನೆಸಿ, ಒಣಗಿಸಿ, ಕೈಯಲ್ಲೇ ಹೊಲಿದೆ. ಪೂರ್ತಿ ಎರಡು ಮಧ್ಯಾಹ್ನ ಹಿಡೀತು. ಹತ್ತಿರದಿಂದ ನೋಡಿದ್ರೆ ಆ ಎರಡು ತೇಪೆ ಈಗಲೂ ಕಾಣುತ್ತೆ. ಇರಲಿ ಬಿಡಿ.

ನಿಮ್ಮ ಪೆಟ್ಟಿಗೆಯಲ್ಲೂ ಅಜ್ಜಿ ಹೆಣೆದ ಲೇಸ್ ಇದ್ರೆ ಹೊರಗೆ ತೆಗೀರಿ, ನೀರಲ್ಲಿ ನೆನೆಸಿ. ಉಳಿದದ್ದನ್ನ ಸೂಜಿ ನೋಡಿಕೊಳ್ಳುತ್ತೆ.