ಕಸ ಹೋಗಲಿ, ಬೇರು ಉಳಿಯಲಿ

(ಖಾನಾಪುರ ತಾಲೂಕಿನ ರೈತರು ಹಾಗೂ ಬೆಳಗಾವಿ ನಗರದ ಸ್ವಸಹಾಯ ಸಂಘಗಳ ಸದಸ್ಯರಿಗೆ ಏರ್ಪಡಿಸಿದ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಸಸಿ ಹಚ್ಚುವುದರ ಬಗ್ಗೆ ನಾವು ಬಹಳ ಸಲ ಮಾತಾಡಿದ್ದೇವೆ. ವರ್ಷಾ ಜುಲೈ ತಿಂಗಳು ಬಂತೆಂದರೆ ವನಮಹೋತ್ಸವ ಆಗುತ್ತದೆ, ಫೋಟೋ ತೆಗೆಯುತ್ತಾರೆ, ಸಸಿಗೆ ಒಂದು ಚೊಂಬು ನೀರು ಹಾಕುತ್ತಾರೆ. ಆದರೆ ಮುಂದಿನ ವರ್ಷ ಅದೇ ಜಾಗಕ್ಕೆ ಹೋಗಿ ನೋಡಿದರೆ ಹಚ್ಚಿದ್ದರಲ್ಲಿ ಎಷ್ಟು ಉಳಿದಿರುತ್ತವೆ? ಅದಕ್ಕೇ ಇವತ್ತು ನಾವು ಹಚ್ಚುವ ಮಾತು ಬಿಟ್ಟು ಉಳಿಸುವ ಮಾತು ಆಡೋಣ. ಅದರಲ್ಲೂ ಒಂದೇ ವಿಷಯ: ಎಳೆ ಗಿಡದ ಬುಡದಾಗಿನ ಕಸ ಹೆಂಗ ತೆಗೀಬೇಕು, ತೆಗೆಯುವಾಗ ಬೇರಿಗೆ ಪೆಟ್ಟು ಬೀಳದಂಗ ಹೆಂಗ ನೋಡ್ಕೋಬೇಕು.

"ಇದನ್ನೇನು ಕಲಿಸ್ತೀರಿ, ಹುಟ್ಟಿದಾಗಿಂದ ಕಸಾ ತೆಗೀತೇವಿ" ಅಂತ ತಾಯಂದಿರು ನಗಬಹುದು. ಖರೇನೇ ಅದು. ಭತ್ತದ ಗದ್ದೆಯಲ್ಲಿ, ಶೇಂಗಾ ಹೊಲದಲ್ಲಿ ಕಸ ತೆಗೆಯುವುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಶೇಂಗಾ ನಾಲ್ಕು ತಿಂಗಳ ಬೆಳೆ, ಕೆಟ್ಟರೆ ಮುಂದಿನ ವರ್ಷ ಮತ್ತೆ ಬಿತ್ತಬಹುದು. ಕಸಿ ಮಾಡಿದ ಗೇರು ಸಸಿ ಮೂರನೇ ವರ್ಷಕ್ಕೆ ಫಲ ತೋರಿಸಲು ಸುರು ಮಾಡುತ್ತದೆ, ಮಾವು ಇನ್ನೂ ತಡ. ಎರಡೂವರೆ ವರ್ಷದ ಗಿಡದ ಬುಡಕ್ಕೆ ಗುದ್ದಲಿ ಏಟು ಬಿತ್ತು ಅಂದರೆ ಹೋಗುವುದು ಒಂದು ಸಸಿಯ ರೊಕ್ಕ ಅಷ್ಟೇ ಅಲ್ಲ, ಎರಡೂವರೆ ವರ್ಷ. ಸಂಘದಿಂದ ಸಾಲ ತೆಗೆದು ಹಚ್ಚಿದವರಿಗೆ ಇದರ ಬೆಲೆ ಗೊತ್ತು. ಸಾಲದ ಕಂತು ಗಿಡ ಸತ್ತಿದೆ ಅಂತ ನಿಲ್ಲುವುದಿಲ್ಲ.

ಗೋದಿಯ ಹೊಲದಲ್ಲಿ ಕಳೆ ಬೆಳೆದ ಸಾಮತಿ ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಆಳುಗಳು ಕೂಡಲೇ ಕಿತ್ತುಹಾಕುತ್ತೇವೆ ಅಂದಾಗ, ಕಳೆಯ ಜೊತೆ ಗೋದಿಯೂ ಬಂದೀತು ಅಂತ ಯಜಮಾನ ತಡೆಯುತ್ತಾನೆ. ಅದರ ಅರ್ಥವನ್ನು ಗುರುಗಳು ವಿವರಿಸಲಿ. ಹೊಲದ ಮಟ್ಟಿಗೆ ಮಾತ್ರ ಆ ಯಜಮಾನ ಬೇರಿನ ಸ್ವಭಾವ ಬಲ್ಲವನೇ.

ಬೇರು ಎಲ್ಲಿರುತ್ತದೆ?

ಮರದ ಬೇರು ಅಂದ ಕೂಡಲೇ ನೆಟ್ಟಗೆ ಕೆಳಗಿಳಿದ ತಾಯಿಬೇರು ನಮ್ಮ ಕಣ್ಣಿಗೆ ಬರುತ್ತದೆ. ತಾಯಿಬೇರು ಗಿಡವನ್ನು ಹಿಡಿದು ನಿಲ್ಲಿಸುತ್ತದೆ, ಆಳದ ತೇವಕ್ಕೂ ಹೋಗುತ್ತದೆ. ಆದರೆ ನೀರು, ಗೊಬ್ಬರದ ಸಾರ ಹೀರುವ ದೊಡ್ಡ ಕೆಲಸ ಮಾಡುವವು ದಾರದಂಥ ಸಣ್ಣ ಬೇರುಗಳು. ಅವು ಬಹುತೇಕ ಮೇಲಿನ ಒಂದು ಅಡಿ ಮಣ್ಣಿನಲ್ಲೇ ಇರುತ್ತವೆ, ಗಾಳಿ ಮತ್ತು ಕೊಳೆತ ಎಲೆಯ ಸಾರ ಅಲ್ಲೇ ಇರುವುದರಿಂದ. ಗಿಡ ಬೆಳೆದಂತೆ ಅವು ಟೊಂಗೆಯ ನೆರಳು ಬೀಳುವ ಅಂಚಿನವರೆಗೂ, ಅದರಾಚೆಗೂ ಹರಿಯುತ್ತವೆ.

ಕಸದ ಬೇರೂ ಇದೇ ಒಂದು ಅಡಿಯಲ್ಲಿ ಇರುತ್ತದೆ. ಅದಕ್ಕೇ ಕಸ ಗಿಡದ ಬಾಯಿಂದ ನೀರು ಕಸಿದುಕೊಳ್ಳುತ್ತದೆ. ಮತ್ತು ಅದಕ್ಕೇ ನಾವು ಗುದ್ದಲಿಯಿಂದ ಕಸ ಕಡಿದಾಗ ಗಿಡದ ಉಣ್ಣುವ ಬೇರೂ ಕಡಿಯುತ್ತದೆ. ಮಳೆಗಾಲದಲ್ಲಿ ಇದು ಗೊತ್ತಾಗುವುದಿಲ್ಲ, ಗಿಡ ಹಸಿರಾಗೇ ಇರುತ್ತದೆ. ಮಾರ್ಚ್‌ನಲ್ಲಿ ಬಿಸಿಲು ಏರಿದಾಗ ಎಲೆ ಬಾಡುತ್ತದೆ. ಆಗ ನಾವು "ಬಿಸಿಲಿಗೆ ಹೋತು" ಅಂತೇವಿ. ಬೇರು ಹೋದದ್ದು ಅಕ್ಟೋಬರ್‌ನಲ್ಲೇ ಇರಬಹುದು.

ಎರಡನೇ ಅಪಾಯ ತೊಗಟೆಗೆ ಆಗುವ ಗಾಯ. ಎಲೆಯಲ್ಲಿ ತಯಾರಾದ ಆಹಾರ ತೊಗಟೆಯ ಒಳಪದರಿನಿಂದಲೇ ಬೇರಿಗೆ ಇಳಿಯುತ್ತದೆ. ಬುಡದ ಸುತ್ತ ಬಳೆಯಂತೆ ತೊಗಟೆ ಸುಲಿದರೆ ಬೇರು ಉಪವಾಸ ಬೀಳುತ್ತದೆ. ಗಾಯದಿಂದ ಕೊಳೆರೋಗದ ಬೂಷ್ಟು ಒಳಗೆ ಹೋಗಲು ದಾರಿಯೂ ಆಗುತ್ತದೆ. ಕಸಿ ಗಿಡವಾದರೆ ಇನ್ನೊಂದು ನಷ್ಟ: ಕಸಿ ಗಂಟಿನ ಮೇಲಿನ ಭಾಗ ಸತ್ತು ಕೆಳಗಿನಿಂದ ಚಿಗುರು ಬಂದರೆ ಅದು ನಾವು ಹಚ್ಚಿದ ವೆಂಗುರ್ಲಾ ತಳಿಯೂ ಅಲ್ಲ, ಆಪೂಸೂ ಅಲ್ಲ. ಬರೀ ಕಾಡು ಬುಡ.

ಎರಡು ಗುಂಟೆ ಲೆಕ್ಕ

"ಇಷ್ಟು ನಾಜೂಕಾಗಿ ಎಕರೆಗಟ್ಟಲೆ ಕೆಲಸ ಮಾಡೋದು ಹೆಂಗ್ರೀ?" ಅಂತ ಕೇಳುತ್ತೀರಿ. ಲೆಕ್ಕ ಹಾಕೋಣ. ಗೇರು ಸಸಿಯನ್ನು 8 ಮೀಟರ್‌ಗೆ ಒಂದರಂತೆ ಹಚ್ಚಿದರೆ ಎಕರೆಗೆ ಸುಮಾರು 63 ಸಸಿ ಕೂಡುತ್ತವೆ. ಒಂದೊಂದು ಸಸಿಯ ಸುತ್ತ ಒಂದು ಮೀಟರ್, ಅಂದರೆ ಎರಡು ಮೊಳದಷ್ಟು ದುಂಡಗೆ ಸ್ವಚ್ಛ ಮಾಡಿದರೆ ಎಲ್ಲ ಸೇರಿ ಆಗುವುದು ಸುಮಾರು 200 ಚದರ ಮೀಟರ್. ಅಂದರೆ ಎರಡೇ ಗುಂಟೆ! ನಲವತ್ತು ಗುಂಟೆಯಲ್ಲಿ ಎರಡು ಗುಂಟೆ ಮಾತ್ರ ಕೈಯಿಂದ ಜತನವಾಗಿ ಮಾಡುವುದು. ಉಳಿದ ಮೂವತ್ತೆಂಟು ಗುಂಟೆಯ ಹುಲ್ಲನ್ನು ಕುಡಗೋಲಿನಿಂದ ಕೊಯ್ದರೆ ಸಾಕು, ದನಕ್ಕೂ ಆಯಿತು. ಇಡೀ ಹೊಲ ಬೋಳು ಮಾಡುವುದು ಬೇಕಾಗಿಲ್ಲ. ಇಳಿಜಾರಿದ್ದರೆ ಮಾಡಲೂ ಬಾರದು.

ತೆಗೆಯುವ ಕ್ರಮ

ಮೊದಲು ಗುರುತು. ಆಗಸ್ಟ್ ತಿಂಗಳಲ್ಲಿ ಹುಲ್ಲು ಎದೆಮಟ್ಟ ಬೆಳೆದಾಗ ಸಣ್ಣ ಸಸಿ ಕಾಣುವುದೇ ಇಲ್ಲ. ಹುಲ್ಲಿನ ಜೊತೆ ಸಸಿಯನ್ನೂ ಕೊಯ್ದುಹಾಕುವುದು ನಾವು ಹೋದಲ್ಲೆಲ್ಲ ಕೇಳಿದ ದೂರು. ಕೂಲಿಗೆ ಬಂದ ಹೆಣ್ಣುಮಕ್ಕಳನ್ನು ಬೈದು ಉಪಯೋಗವಿಲ್ಲ, ಅವರಿಗೆ ಸಸಿ ಎಲ್ಲಿದೆ ಅಂತ ಹೇಗೆ ತಿಳಿಯಬೇಕು? ಹಚ್ಚಿದ ದಿನವೇ ಪ್ರತಿ ಸಸಿಯ ಬದಿಗೆ ಆಳೆತ್ತರದ ಬಿದಿರಿನ ಗೂಟ ನೆಟ್ಟು ತುದಿಗೆ ಹಳೆ ಸೀರೆಯ ಬಣ್ಣದ ಚೂರು ಕಟ್ಟಿರಿ. ಖರ್ಚಿಲ್ಲದ ಕೆಲಸ, ಬಹಳ ಸಸಿ ಉಳಿಯುತ್ತವೆ.

ಬುಡದಿಂದ ಒಂದು ಗೇಣಿನೊಳಗೆ ಕೈ ಮಾತ್ರ. ಯಾವ ಹತ್ಯಾರವೂ ಬ್ಯಾಡ. ಮಳೆ ಬಿದ್ದ ಮರುದಿನ, ಇಲ್ಲವೇ ನೀರು ಬಿಟ್ಟು ಮಣ್ಣು ಮೆತ್ತಗಾದ ಮೇಲೆ ಕುಳಿತುಕೊಳ್ಳಿರಿ. ಒಂದು ಕೈಯಿಂದ ಸಸಿಯ ಬುಡದ ಮಣ್ಣು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಕಸವನ್ನು ಬುಡಕ್ಕೆ ಹಿಡಿದು ನಿಧಾನ ಎಳೆಯಿರಿ. ಎಳೆದಾಗ ಸಸಿಯೇ ಅಲುಗಾಡಿದರೆ ಕೂಡಲೇ ಬಿಡಿರಿ. ಎರಡರ ಬೇರು ಹೆಣೆದುಕೊಂಡಿವೆ ಅಂತ ಅರ್ಥ. ಅಂಥ ಕಸವನ್ನು ಕೀಳದೆ ನೆಲದ ಮಟ್ಟಕ್ಕೆ ಕತ್ತರಿಸಿರಿ. ಮತ್ತೆ ಚಿಗುರುತ್ತದೆ, ಮತ್ತೆ ಕತ್ತರಿಸಿರಿ. ಎಲೆ ಇಲ್ಲದೆ ಬೇರು ಎಷ್ಟು ದಿನ ಬದುಕೀತು? ನಾಲ್ಕಾರು ಸಲಕ್ಕೆ ಸೊರಗಿ ಸಾಯುತ್ತದೆ.

ಒಂದು ಗೇಣಿನಿಂದ ಎರಡು ಮೊಳದವರೆಗೆ ಕುರ್ಪಿ. ಅದನ್ನು ನೆಟ್ಟಗೆ ಚುಚ್ಚದೆ ಮಲಗಿಸಿ ಹಿಡಿದು ಮೇಲ್ಮಣ್ಣನ್ನು ಕೆರೆಯಬೇಕು. ಎರಡು ಬೆರಳ ಅಗಲಕ್ಕಿಂತ ಆಳ ಹೋಗಬಾರದು. ಬುಡದಿಂದ ಹೊರಗಡೆಗೆ ಎಳೆಯಿರಿ, ಹೊರಗಿನಿಂದ ಬುಡದ ಕಡೆ ಎಳೆಯಬೇಡಿರಿ. ಕೈ ಜಾರಿದರೂ ಸಸಿಗೆ ತಾಗಬಾರದು. ಗುದ್ದಲಿ, ರೆಂಟೆ, ಪವರ್ ಟಿಲ್ಲರ್ ಈ ದುಂಡಿನೊಳಗೆ ಬರಲೇಬಾರದು.

ಕೊನೆಗೆ ಮಣ್ಣು ಏರಿಸುವಾಗ ಎಚ್ಚರ. ಕಸಿ ಗಂಟು ಯಾವಾಗಲೂ ಮಣ್ಣಿನ ಮೇಲೆ ಕಾಣುತ್ತಿರಬೇಕು. ಗಂಟಿನ ಕೆಳಗೆ ಚಿಗುರು ಬಂದಿದ್ದರೆ ಎಳೆಯದಿದ್ದಾಗಲೇ ಚಿವುಟಿ ತೆಗೆಯಿರಿ. ಅದೂ ಒಂದು ಲೆಕ್ಕಕ್ಕೆ ಕಸವೇ.

ಯಾವ ಕಸಕ್ಕೆ ಯಾವ ಉಪಾಯ

ಕಾಂಗ್ರೆಸ್ ಕಸ: ನಮ್ಮ ದೇಶದಲ್ಲಿ ಇದು 1955ರಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿತ್ತು. ಈಗ ಇಲ್ಲದ ಊರಿಲ್ಲ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಹೂವಾಡುವ ಮೊದಲೇ ಹಸಿ ಮಣ್ಣಿನಲ್ಲಿ ಕಿತ್ತರೆ ಬೇರು ಸಮೇತ ಸಲೀಸಾಗಿ ಬರುತ್ತದೆ. ಕೈಗೆ ಚೀಲವೋ ಗವಸೋ ಹಾಕಿಕೊಳ್ಳಿರಿ. ಇದರಿಂದ ಚರ್ಮದ ತುರಿಕೆ, ಕೆಲವರಿಗೆ ದಮ್ಮು ಬರುತ್ತದೆ.

ಯುಪಟೋರಿಯಂ: ಗಡಿಯ ಮರಾಠಿ ಮಂದಿ ಇದಕ್ಕೆ ರಾನಮೋಡಿ ಅನ್ನುತ್ತಾರೆ. ಕಾಡಂಚಿನ ಹೊಲಗಳಲ್ಲಿ ಪೊದೆಯಾಗಿ ಬೆಳೆದು ಸಸಿಗೆ ಬಿಸಿಲೇ ಬೀಳದಂತೆ ಮಾಡುತ್ತದೆ. ದೂರ ಇದ್ದರೆ ಬುಡ ಅಗೆದು ತೆಗೆಯಿರಿ. ಸಸಿಯ ಹತ್ತಿರ ಇದ್ದರೆ ಅಗೆಯದೆ ಕತ್ತರಿಸುತ್ತಾ ಬನ್ನಿರಿ. ಹೂ ಬಿಡುವ ಮೊದಲು ಕತ್ತರಿಸಿದ ಸೊಪ್ಪು ಮುಚ್ಚಿಗೆಗೆ ಆಗುತ್ತದೆ.

ಕರಕಿ: ಇದು ನೆಲದ ಮೇಲೂ ಹರಿಯುತ್ತದೆ, ನೆಲದೊಳಗೂ ಹರಿಯುತ್ತದೆ. ಚೂರು ಚೂರು ಮಾಡಿ ಬಿಟ್ಟರೆ ಪ್ರತಿ ಗಣಿಕೆಯೂ ಹೊಸ ಹುಲ್ಲಾಗುತ್ತದೆ. ದಾರ ಸುತ್ತಿದಂತೆ ಎಳೆ ಹಿಡಿದು ಬಿಡಿಸಿ, ಹೊಲದ ಹೊರಗೆ ಒಣಗಿಸಬೇಕು.

ಜೇಕು: ಇದು ಎಲ್ಲಕ್ಕಿಂತ ಹಟಮಾರಿ. ಮಣ್ಣಿನೊಳಗೆ ಜಪಮಾಲೆಯ ಮಣಿಗಳಂತೆ ಗಡ್ಡೆಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಅಗೆದು ಎಳೆ ಹರಿದರೆ ಸುಮ್ಮನೆ ಮಲಗಿದ್ದ ಗಡ್ಡೆಗಳೂ ಎದ್ದು ಚಿಗುರುತ್ತವೆ. ಅಗೆದಷ್ಟೂ ಹೆಚ್ಚಾಗುವುದು ಇದಕ್ಕೇ. ಸಸಿಯ ಹತ್ತಿರ ಎಂಟು ಹತ್ತು ದಿನಕ್ಕೊಮ್ಮೆ ಎಲೆ ಕೊಯ್ಯುತ್ತಲೇ ಇರುವುದು ಒಂದೇ ದಾರಿ. ಗಡ್ಡೆಯ ಸಂಗ್ರಹ ಮುಗಿಯುವವರೆಗೆ ಬೇಸರಪಡಬಾರದು.

ತೆಗೆದ ಮೇಲೆ ಮುಚ್ಚಬೇಕು

ಬರಿ ಮಣ್ಣು ಬಿಟ್ಟರೆ ಹದಿನೈದು ದಿನಕ್ಕೆ ಮತ್ತೆ ಕಸ. ಆದ್ದರಿಂದ ತೆಗೆದ ದಿನವೇ ಒಣ ಎಲೆ, ಕಬ್ಬಿನ ರವದಿ ಅಥವಾ ಬೇಲಿಯ ಗೊಬ್ಬರಗಿಡದ ಸೊಪ್ಪನ್ನು ಮೂರು ನಾಲ್ಕು ಇಂಚು ದಪ್ಪ ಹರಡಿರಿ. ಬುಡದ ಸುತ್ತ ಒಂದು ಗೇಣು ಜಾಗ ಬಿಡಲೇಬೇಕು. ಬುಡಕ್ಕೆ ಒತ್ತಿ ಹಾಕಿದರೆ ತೇವ ನಿಂತು ತೊಗಟೆ ಕೊಳೆಯುತ್ತದೆ, ಗೆದ್ದಲೂ ಏರುತ್ತದೆ. ಗೇರು ಗಿಡದ ಬುಡ ಖುಲ್ಲಾ ಇದ್ದರೆ ಮುಂದೆ ಇನ್ನೊಂದು ಲಾಭ ಇದೆ. ಗಿಡ ದೊಡ್ಡದಾದ ಮೇಲೆ ಕಾಂಡ ಮತ್ತು ಬೇರು ಕೊರೆಯುವ ಹುಳ ಬಿದ್ದರೆ ಬುಡದ ಅಂಟು, ಕಟ್ಟಿಗೆ ಪುಡಿ ಬೇಗ ಕಣ್ಣಿಗೆ ಬೀಳುತ್ತದೆ.

ಸಾಲಿನ ನಡುವೆ ಹುರಳಿ, ಅಲಸಂದಿ ಬಿತ್ತಿದರೆ ಅವೇ ಕಸವನ್ನು ಅದುಮುತ್ತವೆ. ಆದರೆ ಎರಡು ಮೊಳದ ದುಂಡಿನೊಳಗೆ ಬಿತ್ತಬೇಡಿರಿ. ಇನ್ನು ಬೇಸಿಗೆ ನೀರಿಗೆ ನಮ್ಮ ಖಾನಾಪುರದ ಕುಂಬಾರರ ಮಡಿಕೆಯೇ ಇದೆ. ಹೊಳಪು ಕೊಡದ ಮಣ್ಣಿನ ಮಡಿಕೆಯನ್ನು ಸಸಿ ಹಚ್ಚುವಾಗಲೇ ಒಂದು ಮೊಳ ದೂರದಲ್ಲಿ ಕುತ್ತಿಗೆಮಟ್ಟ ಹುಗಿದು ನೀರು ತುಂಬಿ ಮುಚ್ಚಿಡಿರಿ. ನೀರು ಜಿನುಗಿ ಬೇರಿಗೆ ಹೋಗುತ್ತದೆ, ಮೇಲ್ಮಣ್ಣು ಒಣಗೇ ಇರುವುದರಿಂದ ಕಸ ಕಡಿಮೆ ಹುಟ್ಟುತ್ತದೆ.

ಯಾವಾಗ ಮಾಡಬೇಕು?

ಕಣಕುಂಬಿ, ಜಾಂಬೋಟಿ ಕಡೆ ಬೀಳುವ ಮಳೆ ಬೇರೆ, ಬೀಡಿ, ಇಟಗಿ ಕಡೆ ಬೀಳುವ ಮಳೆ ಬೇರೆ. ಪಡುವಣ ಭಾಗದವರು ಜುಲೈ, ಆಗಸ್ಟ್‌ನ ಜೋರು ಮಳೆಯಲ್ಲಿ ಮಣ್ಣು ಸಡಿಲಿಸಲೇಬಾರದು, ಮೇಲ್ಮಣ್ಣು ಮಲಪ್ರಭೆಗೆ ಹೋಗುತ್ತದೆ. ಆಗ ಹುಲ್ಲು ಕೊಯ್ದು ಸಸಿಯ ಕೆಳಮಗ್ಗುಲಿಗೆ ಒಡ್ಡಿನಂತೆ ಹಾಕಿರಿ. ಮಳೆ ಹಿಂದೆ ಸರಿದು ಮಣ್ಣು ಇನ್ನೂ ಹಸಿ ಇರುವಾಗ, ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ, ಮುಖ್ಯ ಕಸ ತೆಗೆಯಿರಿ. ಮಣ್ಣು ಕಲ್ಲಾದ ಮೇಲೆ ಕಿತ್ತರೆ ಕಸ ತುಂಡಾಗುತ್ತದೆ, ಸಸಿಯ ಬೇರೂ ಹರಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಮುಚ್ಚಿಗೆಯ ಆಚೆ ಎರಡು ಮೊಳ ಅಗಲ ಒಣಹುಲ್ಲು ಕೊಯ್ದು ತೆಗೆಯಿರಿ, ಬೆಂಕಿ ಬಂದರೆ ಸಸಿ ಮುಟ್ಟಬಾರದು. ಕಸ ಸುಡುವುದು ಮಾತ್ರ ಬ್ಯಾಡ್ರಿ. ಪಕ್ಕದಲ್ಲೇ ಅಡವಿ ಇದೆ, ಭೀಮಗಡ 2011ರಿಂದ ವನ್ಯಜೀವಿ ಧಾಮ. ಒಂದು ಕಡ್ಡಿ ಗೀರಿದರೆ ಅದು ನಮ್ಮ ಹೊಲಕ್ಕೇ ನಿಲ್ಲುವುದಿಲ್ಲ.

ಔಷಧಿ ಹೊಡೆಯಬಹುದೇ?

ಈ ಪ್ರಶ್ನೆ ಎಲ್ಲ ಕಡೆ ಬರುತ್ತದೆ. ಗ್ಲೈಫೋಸೇಟ್ ಹಸಿರು ಯಾವುದು ಕಂಡರೂ ಬಿಡುವುದಿಲ್ಲ. ಎಳೆ ಸಸಿಯ ಕಾಂಡವೂ ಹಸಿರೇ. ಎಲೆ ಅಥವಾ ಕಾಂಡದ ಮೇಲೆ ಬಿದ್ದ ಹನಿ ಒಳಗಿಳಿದು ಬೇರಿನ ತನಕ ಹೋಗುತ್ತದೆ. ಕೇಂದ್ರ ಸರಕಾರವೂ 2022ರ ಅಕ್ಟೋಬರ್‌ನಲ್ಲಿ ಇದರ ಬಳಕೆಯನ್ನು ಕೀಟ ನಿಯಂತ್ರಣದ ಪರವಾನಗಿ ಪಡೆದವರಿಗೆ ಮಾತ್ರ ಸೀಮಿತಗೊಳಿಸಿ ಅಧಿಸೂಚನೆ ಹೊರಡಿಸಿತು. ಉಪ್ಪು, ಸೀಮೆಎಣ್ಣೆ ಸುರಿಯುವವರೂ ಇದ್ದಾರೆ. ಅದು ಮಣ್ಣನ್ನೇ ಕೆಡಿಸುತ್ತದೆ. ಎರಡು ಗುಂಟೆಗೆ ಕೈ ಸಾಕು.

ನಗರದ ಅಕ್ಕ-ತಂಗಿಯರಿಗೆ

ಟಿಳಕವಾಡಿ, ಶಹಾಪುರ, ವಡಗಾವಿಯ ಹಿತ್ತಲುಗಳಲ್ಲಿ ಕಸಕ್ಕಿಂತ ದೊಡ್ಡ ಶತ್ರು ಫರಸಿ ಮತ್ತು ಕಾಂಕ್ರೀಟ್. ಕಸದ ಕಾಟವೇ ಬ್ಯಾಡ ಅಂತ ಬುಡದವರೆಗೆ ಸಿಮೆಂಟ್ ಹಾಕುತ್ತಾರೆ. ಬೇರಿಗೆ ಗಾಳಿಯೂ ಇಲ್ಲ, ನೀರೂ ಇಲ್ಲ. ದಿಲ್ಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಲು ಆದೇಶಿಸಿತ್ತು. ನಾವೂ ಅಷ್ಟು ಜಾಗ ಬಿಡೋಣ. ಹುಲ್ಲು ಕತ್ತರಿಸುವ ಯಂತ್ರದ ಪ್ಲಾಸ್ಟಿಕ್ ದಾರ ಎಳೆ ಗಿಡದ ತೊಗಟೆಯನ್ನು ಕ್ಷಣದಲ್ಲಿ ಸುಲಿಯುತ್ತದೆ, ಬುಡದ ಹತ್ತಿರ ಅದನ್ನು ತರಬೇಡಿರಿ.

ಪೆಟ್ಟು ಬಿದ್ದೇ ಬಿಟ್ಟರೆ ಗಾಬರಿ ಬೇಡ. ಗಾಯಕ್ಕೆ ಮಣ್ಣು ಹತ್ತದಂತೆ ನೋಡಿಕೊಳ್ಳಿ, ಸಸಿಗೆ ತೆಂಗಿನ ಗರಿಯ ನೆರಳು ಮಾಡಿ, ಸ್ವಲ್ಪ ಸ್ವಲ್ಪ ನೀರು ತಪ್ಪದೆ ಕೊಡಿರಿ. ಚೇತರಿಸುವವರೆಗೆ ಸರಕಾರಿ ಗೊಬ್ಬರ ಹಾಕಬೇಡಿರಿ.

ಕೊನೆಯದಾಗಿ ಒಂದು ಮಾತು. ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿಯ ಆಲದ ಮರವನ್ನು ನೀವೆಲ್ಲ ನೋಡಿದ್ದೀರಿ. ಅದೂ ಒಂದು ಕಾಲಕ್ಕೆ ದನ ಒಂದು ಬಾಯಿ ಹಾಕಿದರೆ ಮುಗಿದುಹೋಗುವಷ್ಟು ಎಳೆಯದೇ ಆಗಿತ್ತು. ಈ ಸಲ ಪ್ರತಿ ಸಂಘವೂ ಹಚ್ಚಿದ ಸಸಿಗಳ ಲೆಕ್ಕ ಬರೆದಿಡಲಿ. ಅಕ್ಟೋಬರ್‌ನಲ್ಲಿ ಒಬ್ಬರ ಹೊಲಕ್ಕೆ ಒಬ್ಬರು ಮುಯ್ಯಾಳಾಗಿ ಹೋಗಿ ಆ ಎರಡು ಗುಂಟೆ ಕೆಲಸ ಮುಗಿಸಲಿ. ಮುಂದಿನ ಜೂನ್‌ನಲ್ಲಿ ಕೂಡಿದಾಗ ಎಷ್ಟು ಹಚ್ಚಿದಿರಿ ಅಂತ ನಾವು ಕೇಳುವುದಿಲ್ಲ, ಎಷ್ಟು ಉಳಿದವು ಅಂತ ಕೇಳುತ್ತೇವೆ.